ಉಣ್ಣಿಗೆ ರಜೆಯಿಲ್ಲ: ಕೊಡಗಿನ ಓದುಗರ ಪ್ರಶ್ನೆಗಳು, ಪಶುವೈದ್ಯರ ಉತ್ತರಗಳು

ಈ ಬಾರಿ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ನಾಯಿ, ಬೆಕ್ಕುಗಳ ಉಣ್ಣಿ, ಚಿಗಟ, ಹೊಟ್ಟೆಹುಳುಗಳ ಬಗ್ಗೆಯೇ ಇವೆ. ಒಂದೇ ಬಗೆಯವನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ. ಇಲ್ಲಿ ಕೊಟ್ಟ ಔಷಧದ ಪ್ರಮಾಣಗಳು ತಿಳಿವಳಿಕೆಗಾಗಿ. ಪ್ರಾಣಿಯನ್ನು ಮುಟ್ಟಿ ನೋಡಿ ಚೀಟಿ ಬರೆಯಬೇಕಾದವರು ನಿಮ್ಮೂರಿನ ಪಶುವೈದ್ಯರೇ.

ಸೋಮವಾರಪೇಟೆ ಕಡೆಯ ತೋಟದಲ್ಲಿ ನಮ್ಮ ಮನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಯಿಯ ಮೈಮೇಲೆ ಉಣ್ಣಿ ಅಷ್ಟಾಗಿ ಕಾಣುವುದಿಲ್ಲ. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಒಮ್ಮೆಲೇ ಏಳುತ್ತವೆ. ಜನವರಿಯಿಂದ ಮೇವರೆಗೆ ಔಷಧ ಕೊಟ್ಟರೆ ಸಾಲದೇ? ವರ್ಷಪೂರ್ತಿ ಕೊಡಿ ಎನ್ನುವುದು ಮಾರುವವರ ಲೆಕ್ಕಾಚಾರ ಅನಿಸುತ್ತದೆ.

ಮಾರುವವರಿಗೆ ಲಾಭ ಇದ್ದೇ ಇದೆ. ಆದರೂ ಸಲಹೆ ಸರಿಯಾದದ್ದೇ, ಯಾಕೆಂದರೆ ನಿಮಗೆ ಕಾಣುವುದು ಉಣ್ಣಿಯ ಬದುಕಿನ ಸಣ್ಣ ತುಣುಕು.

ಸಾಕುನಾಯಿಗೆ ಹತ್ತುವುದರಲ್ಲಿ ಹೆಚ್ಚಿನದು ಕಂದು ನಾಯಿ ಉಣ್ಣಿ, ಅಂದರೆ ರಿಪಿಸೆಫಾಲಸ್ ಸಾಂಗ್ವಿನಿಯಸ್. ಇದಕ್ಕೆ ಕಾಡೇ ಬೇಕೆಂದಿಲ್ಲ, ನಾಯಿ ಮಲಗುವ ಜಾಗವೇ ಮನೆ. ಆರು ಕಾಲಿನ ಮರಿ, ಎಂಟು ಕಾಲಿನ ಎಳೆಯದು, ಬಲಿತದ್ದು ಎಂದು ಮೂರು ಹಂತ. ಪ್ರತಿ ಹಂತದಲ್ಲೂ ಒಮ್ಮೆ ನಾಯಿಯನ್ನು ಹತ್ತಿ, ಕೆಲವು ದಿನ ರಕ್ತ ಕುಡಿದು, ಕೆಳಗೆ ಉದುರುತ್ತದೆ. ಉದುರಿದ್ದು ಗೋಡೆಯ ಬಿರುಕಿಗೋ, ಬಾಗಿಲ ಚೌಕಟ್ಟಿನ ಸಂದಿಗೋ, ಸೌದೆ ರಾಶಿಗೋ ಸೇರಿ ಪೊರೆ ಕಳಚಿ ಮತ್ತೆ ನಾಯಿಗಾಗಿ ಕಾಯುತ್ತದೆ. ರಕ್ತ ಕುಡಿದು ಬೂದು ಬಣ್ಣಕ್ಕೆ ಊದಿಕೊಂಡ ಒಂದು ಹೆಣ್ಣು ಸಾವಿರಗಟ್ಟಲೆ, ಕೆಲವೊಮ್ಮೆ 4000ದಷ್ಟು ಮೊಟ್ಟೆ ಇಡುತ್ತದೆ. ಬೆಚ್ಚಗಿದ್ದರೆ ಇಡೀ ಚಕ್ರ ಎರಡು ಮೂರು ತಿಂಗಳಲ್ಲಿ ಮುಗಿಯುತ್ತದೆ. ಬೆಚ್ಚಗಿಲ್ಲದಿದ್ದರೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಬಲಿತ ಉಣ್ಣಿ ರಕ್ತವೇ ಇಲ್ಲದೆ ಒಂದು ವರ್ಷದ ಮೇಲೂ ಬದುಕಿರಬಲ್ಲದು.

ಹೊರಗೆ ಧಾರಾಕಾರ ಮಳೆ ಸುರಿಯುವಾಗ ನಿಮ್ಮ ನಾಯಿ ಎಲ್ಲಿರುತ್ತದೆ? ಒಲೆಯ ಹಿಂದೆ, ಗೋದಾಮಿನ ಗೋಣಿಚೀಲದ ಮೇಲೆ, ಸೌದೆ ಕೊಟ್ಟಿಗೆಯಲ್ಲಿ. ಉಣ್ಣಿಗೆ ಬೇಕಾದ ಬೆಚ್ಚನೆಯ ಸಂದಿ ಇರುವುದೂ ಅಲ್ಲೇ. ಜನವರಿಯಲ್ಲಿ ಕಿವಿಯೊಳಗೆ ಸಾಲುಗಟ್ಟಿದ ಉಣ್ಣಿ ಆಗಸ್ಟ್, ಸೆಪ್ಟೆಂಬರಿನಲ್ಲಿ ನೀವು ಲೆಕ್ಕಕ್ಕೆ ಇಡದ ನಾಲ್ಕೈದು ಉಣ್ಣಿಗಳ ಮರಿಮೊಮ್ಮಕ್ಕಳು. ಮಳೆಗಾಲದಲ್ಲಿ ಔಷಧ ನಿಲ್ಲಿಸಿದರೆ ಒಂದೆರಡು ಪೀಳಿಗೆಯನ್ನು ಸುಮ್ಮನೆ ಬಿಟ್ಟುಕೊಟ್ಟಂತೆ.

ಇನ್ನೊಂದು ಮಾತು. ಉಣ್ಣಿ ಕಡಿಮೆಯಾಗುವ ತಿಂಗಳಲ್ಲಿ ಬೇರೆಯವು ಏಳುತ್ತವೆ. ಮಾರ್ಚ್, ಏಪ್ರಿಲ್‌ನ ಹೂಮಳೆ ಬಿದ್ದು ನೀರು ನಿಂತಲ್ಲಿ ಸೊಳ್ಳೆ. ಮಳೆಗಾಲದ ಒದ್ದೆ ನೆಲದಲ್ಲಿ ಕೊಕ್ಕೆಹುಳು. ನಾಯಿ ಮನೆಯೊಳಗೇ ಇರುವುದರಿಂದ ಚಿಗಟ. ಮಳೆ ಹಿಂತೆಗೆದ ಮೇಲೆ ತೋಟದ ತರಗೆಲೆಯಿಂದ ಹತ್ತುವ ಸಣ್ಣ ಉಣ್ಣಿ. ಯಾವ ತಿಂಗಳನ್ನು ಬಿಡುತ್ತೀರಿ?

ಖರ್ಚನ್ನು ಹೋಲಿಸುವುದಿದ್ದರೆ ಉಣ್ಣಿ ಜ್ವರದ ಚಿಕಿತ್ಸೆಯ ಜತೆ ಹೋಲಿಸಿ. ಎರ್ಲಿಕಿಯಾ ರೋಗಾಣು ಉಣ್ಣಿ ಕಚ್ಚಿದ ಕೆಲವೇ ಗಂಟೆಗಳಲ್ಲಿ ನಾಯಿಯ ರಕ್ತಕ್ಕೆ ಇಳಿಯಬಲ್ಲದು. ಜ್ವರ, ಊಟ ಬಿಡುವುದು, ಬಿಳುಚಿದ ವಸಡು, ಪ್ಲೇಟ್‌ಲೆಟ್ ಇಳಿದು ಮೂಗಿನಲ್ಲಿ ರಕ್ತ. ಡಾಕ್ಸಿಸೈಕ್ಲಿನ್ ಅನ್ನು ಸಾಮಾನ್ಯವಾಗಿ 28 ದಿನ ಕೊಡಬೇಕು, ನಡುನಡುವೆ ರಕ್ತಪರೀಕ್ಷೆ. ಉಣ್ಣಿಯಿಂದಲೇ ಬರುವ ಇನ್ನೊಂದು ರಕ್ತದ ರೋಗ ಬಬೇಸಿಯಾ ಆದರೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿ, ರಕ್ತವನ್ನೇ ಕೊಡಬೇಕಾಗಿ ಬರಬಹುದು.

ಉಣ್ಣಿಗೆಂದು 12 ವಾರದ ಫ್ಲೂರಾಲೇನರ್ ಮಾತ್ರೆ ಕೊಡುವವರು ಒಂದನ್ನು ಗಮನಿಸಿ. 12 ವಾರ ಅಂದರೆ 84 ದಿನ. ಮೂರು ತಿಂಗಳು ಅಂದರೆ ಹೆಚ್ಚುಕಡಿಮೆ 91. ‘ಮೂರು ತಿಂಗಳಿಗೊಮ್ಮೆ’ ಎಂದು ಬಾಯಿಲೆಕ್ಕ ಹಾಕಿದರೆ ಪ್ರತಿ ಸಲ ಒಂದು ವಾರ ಖಾಲಿ ಬೀಳುತ್ತದೆ. ಜನವರಿ 1ಕ್ಕೆ ಕೊಟ್ಟರೆ ಮುಂದಿನವು ಮಾರ್ಚ್ 26, ಜೂನ್ 18, ಸೆಪ್ಟೆಂಬರ್ 10, ಡಿಸೆಂಬರ್ 3. ಜೂನ್‌ನದನ್ನು ಮೇ ತಿಂಗಳಲ್ಲೇ ತಂದಿಟ್ಟುಕೊಳ್ಳಿ. ಮರ ಬಿದ್ದು ರಸ್ತೆ ಮುಚ್ಚಿದ ದಿನ ಪೇಟೆಗೆ ಹೋಗುವ ಪಾಡು ತಪ್ಪುತ್ತದೆ. ಸೆಪ್ಟೆಂಬರಿನದು ಕೊಡಗಿನ ಕೈಲ್ ಮುಹೂರ್ತ ಹಬ್ಬ ಕಳೆದ ವಾರಕ್ಕೆ ಬರುವುದರಿಂದ ನೆನಪಿಡುವುದು ಸುಲಭ.

ಸಿದ್ದಾಪುರದಿಂದ ಬರೆಯುತ್ತಿದ್ದೇನೆ. ಮೂರು ನಾಯಿಗಳಿವೆ. ದೊಡ್ಡದಕ್ಕೆ ದುಬಾರಿ ಮಾತ್ರೆ ಕೊಟ್ಟೆವು. ಎರಡು ವಾರ ಕಳೆದರೂ ಉಣ್ಣಿ ಸಿಗುತ್ತಲೇ ಇವೆ. ಮಾತ್ರೆ ನಕಲಿಯೇ?

ನಕಲಿ ಇರಬಹುದು, ಆದರೆ ಅದಕ್ಕಿಂತ ಮೊದಲು ನೋಡಬೇಕಾದ್ದು ನಾಲ್ಕೈದು ಇವೆ.

ಮೊದಲು, ಸಿಕ್ಕ ಉಣ್ಣಿ ಹೇಗಿದೆ? ಅಫಾಕ್ಸೊಲೇನರ್, ಸಾರೊಲೇನರ್, ಫ್ಲೂರಾಲೇನರ್ ಮೂರೂ ರಕ್ತದ ಮೂಲಕ ಕೆಲಸ ಮಾಡುವಂಥವು. ಉಣ್ಣಿ ನಾಯಿಯನ್ನು ಹತ್ತುವುದನ್ನು ತಡೆಯುವುದಿಲ್ಲ. ಅದು ಕಚ್ಚಬೇಕು, ಕುಡಿಯಬೇಕು, ಆಮೇಲೆ ಒಂದೆರಡು ದಿನದೊಳಗೆ ಸಾಯಬೇಕು. ಚಪ್ಪಟೆಯಾಗಿ ಒಣಗಿದ, ಕಾಲಾಡಿಸದ ಉಣ್ಣಿ ಸಿಕ್ಕಿದರೆ ಔಷಧ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಊದಿಕೊಂಡು ಜೀವಂತವಾಗಿರುವ ಬೂದು ಉಣ್ಣಿ ಮತ್ತೆ ಮತ್ತೆ ಸಿಕ್ಕಿದರೆ ಎಲ್ಲೋ ತಪ್ಪಿದೆ.

ಆ ತಪ್ಪು ಹೆಚ್ಚಿನ ಸಲ ತೂಕದಲ್ಲಿರುತ್ತದೆ. ‘ಸುಮಾರು 20 ಕೆ.ಜಿ. ಇರಬಹುದು’ ಎಂದು ಅಂಗಡಿಯಲ್ಲಿ ಹೇಳಿ ತಂದ ಮಾತ್ರೆ 23 ಕೆ.ಜಿ.ಯ ನಾಯಿಗೆ ಸಾಲದು. ಫ್ಲೂರಾಲೇನರ್‌ನಲ್ಲಿ 10ರಿಂದ 20 ಕೆ.ಜಿ.ಗೆ 500 ಮಿ.ಗ್ರಾಂ, 20 ದಾಟಿ 40ರವರೆಗೆ 1000 ಮಿ.ಗ್ರಾಂ, ಮೂರು ಕೆ.ಜಿ. ತಪ್ಪಿದರೆ ಔಷಧ ಅರ್ಧಕ್ಕೆ ಇಳಿಯಿತು. ಮನೆಯ ತೂಕದ ಯಂತ್ರದ ಮೇಲೆ ನಾಯಿಯನ್ನು ಎತ್ತಿಕೊಂಡು ನಿಂತು, ನಿಮ್ಮ ತೂಕ ಕಳೆಯಿರಿ. ಎತ್ತಲಾಗದ ನಾಯಿಯಾದರೆ ಕಾಫಿ ಚೀಲ ತೂಗುವ ನೆಲದ ತಕ್ಕಡಿ ಇದೆಯಲ್ಲ, ಅದು ಸಾಕು.

ದೊಡ್ಡ ಮಾತ್ರೆಯನ್ನು ತುಂಡರಿಸಿ ಎರಡು ಸಣ್ಣ ನಾಯಿಗೆ ಹಂಚುವ ಉಳಿತಾಯವೂ ಬೇಡ. ಔಷಧ ಎರಡು ತುಂಡಿನಲ್ಲೂ ಸಮವಾಗಿದೆ ಎಂಬ ಖಾತರಿಯನ್ನು ತಯಾರಕರೇ ಕೊಡುವುದಿಲ್ಲ. ಫ್ಲೂರಾಲೇನರ್ ಅನ್ನು ಊಟದ ಜತೆ, ಅಥವಾ ಊಟದ ಆಚೀಚೆ ಕೊಡಬೇಕು. ಖಾಲಿ ಹೊಟ್ಟೆಯಲ್ಲಿ ರಕ್ತಕ್ಕೆ ಸೇರುವುದು ಕಡಿಮೆ. ನುಂಗಿದ ಗಂಟೆಯೊಳಗೆ ವಾಂತಿಯಾಯಿತೇ, ಮೂಲೆಯಲ್ಲಿ ಉಗುಳಿತೇ ಎಂದೂ ನೋಡಿ.

ಇನ್ನು ನಿಮ್ಮ ಪತ್ರದಲ್ಲೇ ಇರುವ ಉತ್ತರ: ಮೂರು ನಾಯಿಗಳಲ್ಲಿ ಒಂದಕ್ಕಷ್ಟೇ ಕೊಟ್ಟಿದ್ದೀರಿ. ಉಳಿದ ಎರಡು ಉಣ್ಣಿಗೆ ಅನ್ನಛತ್ರ ನಡೆಸುತ್ತಿವೆ. ಮೂರಕ್ಕೂ ಒಂದೇ ದಿನ ಕೊಡಿ. ತೋಟದ ಕಾರ್ಮಿಕರ ಲೈನ್ ಮನೆಗಳ ನಾಯಿಗಳು ನಿಮ್ಮ ಅಂಗಳದಲ್ಲೇ ಮಲಗುವುದಿದ್ದರೆ ಅವನ್ನೂ ಲೆಕ್ಕಕ್ಕೆ ಸೇರಿಸದೆ ಗತಿಯಿಲ್ಲ.

ಜಾಗದ ಕೆಲಸ ಹೀಗೆ. ಗೂಡಿನೊಳಗಿನ ಗೋಣಿ, ಹಳೆ ಕಂಬಳಿ ಎಲ್ಲವನ್ನೂ ತೆಗೆಯಿರಿ. ತೊಳೆಯಬಹುದಾದ್ದನ್ನು ಕೈ ಇಡಲಾಗದಷ್ಟು ಬಿಸಿ ನೀರಿನಲ್ಲಿ ವಾರಕ್ಕೊಮ್ಮೆ ತೊಳೆಯಿರಿ, ಆಗದ್ದನ್ನು ಸುಟ್ಟುಬಿಡಿ. ಗೋಡೆಯ ಬಿರುಕನ್ನು ತಂತಿ ಬ್ರಷ್‌ನಿಂದ ಕೆರೆದು ಕುದಿನೀರು ಹೊಯ್ದು, ಒಣಗಿದ ಮೇಲೆ ಸಿಮೆಂಟ್ ಮೆತ್ತಿ. ಈ ಉಣ್ಣಿ ಮೇಲಕ್ಕೆ ಹತ್ತುವ ಜಾತಿ, ಹಾಗಾಗಿ ನೆಲದಲ್ಲೇ ನಿಲ್ಲಬೇಡಿ. ಮಾಡಿನ ತೊಲೆ, ಹೆಂಚಿನ ಅಡಿ, ವಿದ್ಯುತ್ ಪೈಪಿನ ಸುತ್ತ ನೋಡಿ. ಗೂಡಿನ ಸುತ್ತ ಒಂದೆರಡು ಮೀಟರ್ ತರಗೆಲೆ ಗುಡಿಸಿ ಬಿಸಿಲು ಬೀಳುವಂತೆ ಮಾಡಿ. ಸಿಂಪಡಿಸುವ ಔಷಧ ಬೇಕೇಬೇಕಾದರೆ ಲೇಬಲ್‌ನಲ್ಲಿ ಕೊಟ್ಟಿಗೆಗೆಂದು ಹೇಳಿದ ಪ್ರಮಾಣವನ್ನೇ ಬಳಸಿ, ಪೂರ್ತಿ ಒಣಗುವವರೆಗೆ ನಾಯಿ ದೂರವಿರಲಿ, ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಹೊಡೆಯಿರಿ, ಯಾಕೆಂದರೆ ಮೊಟ್ಟೆಗೆ ಅದು ತಾಗುವುದಿಲ್ಲ. ಪಂಪ್ ತೊಳೆದ ನೀರು ಗದ್ದೆಗೆ, ಕೆರೆಗೆ ಹೋಗಬಾರದು. ಡೆಲ್ಟಾಮೆಥ್ರಿನ್‌ನಂಥ ಪೈರೆಥ್ರಾಯ್ಡ್‌ಗಳು ಮೀನು, ಏಡಿಗೆ ಅತಿ ಕಡಿಮೆ ಪ್ರಮಾಣದಲ್ಲೂ ಮಾರಕ. ಜೇನುಪೆಟ್ಟಿಗೆ ಇಟ್ಟವರು ಕಾಫಿ ಹೂ ಬಿಟ್ಟ ವಾರದಲ್ಲಿ ಹೊರಗೆ ಏನನ್ನೂ ಸಿಂಪಡಿಸಬೇಡಿ.

ಇಷ್ಟೆಲ್ಲ ಮಾಡಿದರೂ ಪೂರ್ತಿ ಹತೋಟಿಗೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಸಂದಿಯಲ್ಲಿರುವ ಮರಿಗಳು ಒಂದೊಂದಾಗಿ ಹೊರಬಂದು, ಔಷಧವಿರುವ ನಾಯಿಯನ್ನು ಕಚ್ಚಿ ಸಾಯಬೇಕಲ್ಲ.

ದನಗಳಿಗೆ ತಂದ ಉಣ್ಣಿ ಔಷಧ ಮನೆಯಲ್ಲೇ ಇದೆ. ಐವರ್‌ಮೆಕ್ಟಿನ್ ಇಂಜೆಕ್ಷನ್ ಬಾಟಲಿಯೂ ಇದೆ. ನಾಯಿಗೆ ಅದನ್ನೇ ಸ್ವಲ್ಪ ಕೊಡಬಹುದೇ? ಕೆಲವರು ತೋಟಕ್ಕೆ ಹೊಡೆಯುವ ಔಷಧವನ್ನೂ ನೀರು ಮಾಡಿ ಹಚ್ಚುತ್ತಾರೆ. (ಗೋಣಿಕೊಪ್ಪ)

ಕೊನೆಯದಕ್ಕೆ ಮೊದಲು ಉತ್ತರ: ಎಂದಿಗೂ ಬೇಡ. ಕ್ಲೋರ್‌ಪೈರಿಫಾಸ್‌ನಂಥ ತೋಟದ ಕೀಟನಾಶಕ ಚರ್ಮದಿಂದಲೂ ಒಳಗೆ ಇಳಿಯುತ್ತದೆ, ನಾಯಿ ನೆಕ್ಕಿದರೆ ಬಾಯಿಂದಲೂ. ಜೊಲ್ಲು, ಕಣ್ಣೀರು, ಭೇದಿ, ಸೂಜಿಮೊನೆಯಷ್ಟಾದ ಕಣ್ಣಪಾಪೆ, ನಡುಕ, ಆಮೇಲೆ ಉಸಿರು ಕಟ್ಟುವುದು. ಹಚ್ಚಿಯಾಗಿದ್ದರೆ ಕೈಗವಸು ಹಾಕಿ, ಪಾತ್ರೆ ತೊಳೆಯುವ ಸೋಪಿನಿಂದ ಎರಡು ಮೂರು ಸಲ ಮೈ ತೊಳೆದು, ಔಷಧದ ಡಬ್ಬಿಯ ಸಮೇತ ಆಸ್ಪತ್ರೆಗೆ ಓಡಿ. ಯಾವ ವಿಷವೆಂದು ಗೊತ್ತಾದರೆ ಅದಕ್ಕೆ ಮದ್ದಾದ ಅಟ್ರೋಪಿನ್ ಬೇಗ ಶುರುವಾಗುತ್ತದೆ.

ಐವರ್‌ಮೆಕ್ಟಿನ್ ವಿಷಯ ಲೆಕ್ಕ ಹಾಕಿಯೇ ನೋಡೋಣ. ದನದ ಬಾಟಲಿ ಶೇ. 1ರದ್ದು, ಅಂದರೆ ಒಂದು ಮಿ.ಲೀ.ಯಲ್ಲಿ 10 ಮಿ.ಗ್ರಾಂ. ಹೃದಯಹುಳು ತಡೆಯಲು ನಾಯಿಗೆ ತಿಂಗಳಿಗೊಮ್ಮೆ ಬೇಕಾದ್ದು ಕೆ.ಜಿ.ಗೆ 6 ಮೈಕ್ರೋಗ್ರಾಂ. 10 ಕೆ.ಜಿ.ಯ ನಾಯಿಗೆ 60 ಮೈಕ್ರೋಗ್ರಾಂ, ಆ ಬಾಟಲಿಯಿಂದ ಅಳೆದರೆ 0.006 ಮಿ.ಲೀ. ಇನ್ಸುಲಿನ್ ಸಿರಿಂಜ್‌ನ ಅತಿ ಸಣ್ಣ ಗೆರೆಯೂ 0.01 ಮಿ.ಲೀ. ‘ಒಂದೇ ಒಂದು ಗೆರೆ’ ಎಂದು ಸಾಧಾರಣ ಸಿರಿಂಜ್‌ನಲ್ಲಿ 0.1 ಮಿ.ಲೀ. ಎಳೆದರೆ 1000 ಮೈಕ್ರೋಗ್ರಾಂ ಆಯಿತು, 5 ಕೆ.ಜಿ.ಯ ಮರಿಗೆ ಅದು ಕೆ.ಜಿ.ಗೆ 200. ಕೋಲಿ, ಶೆಟ್‌ಲೆಂಡ್ ಶೀಪ್‌ಡಾಗ್, ಆಸ್ಟ್ರೇಲಿಯನ್ ಶೆಫರ್ಡ್ ತಳಿಗಳಲ್ಲಿ, ಕೆಲವು ಜರ್ಮನ್ ಶೆಫರ್ಡ್‌ಗಳಲ್ಲೂ, ಎಂಡಿಆರ್1 ಎಂಬ ಜೀನ್ ಕೆಟ್ಟಿರುತ್ತದೆ. ಔಷಧ ಮೆದುಳಿಗೆ ನುಗ್ಗದಂತೆ ತಡೆಯುವ ಬಾಗಿಲು ಅವಕ್ಕೆ ಇಲ್ಲ. ಇಷ್ಟು ಪ್ರಮಾಣಕ್ಕೇ ತೂರಾಡುವುದು, ಕುರುಡಾಗುವುದು, ಪ್ರಜ್ಞೆ ತಪ್ಪುವುದು ಉಂಟು. ಮಿಶ್ರತಳಿಯ ಮರಿಯ ಅಜ್ಜ ಯಾವ ಜಾತಿಯೆಂದು ಯಾರಿಗೆ ಗೊತ್ತು?

ಡೆಲ್ಟಾಮೆಥ್ರಿನ್ ಶೇ. 1.25ರ ಬಾಟಲಿಯನ್ನು ದನಕ್ಕೆ ಲೀಟರ್ ನೀರಿಗೆ 2 ಮಿ.ಲೀ. ಬೆರೆಸುತ್ತಾರೆ. ನಾಯಿಗೂ ಕೆಲವು ವೈದ್ಯರು ಹೇಳುವುದುಂಟು. ತೊಂದರೆ ಔಷಧದಲ್ಲಿಲ್ಲ, ಅಳತೆಯಲ್ಲಿದೆ. ಮುಚ್ಚಳದಲ್ಲಿ ಅಂದಾಜಿಗೆ ಸುರಿಯುವುದು, ಗಾಯದ ಮೇಲೆ ಹಚ್ಚುವುದು, ಮರಿಗೆ ಹಚ್ಚುವುದು, ಬೆಕ್ಕಿರುವ ಮನೆಯಲ್ಲಿ ಹಚ್ಚುವುದು. ಅಲ್ಲದೆ ಅದರ ಪ್ರಭಾವ ನಾಯಿಯ ಮೈಮೇಲೆ ಹೆಚ್ಚು ದಿನ ನಿಲ್ಲುವುದಿಲ್ಲ, ವರ್ಷವಿಡೀ ಕಾಪಾಡುವ ವಿಧಾನ ಅದಲ್ಲ.

ಮಡಿಕೇರಿಯಲ್ಲಿ ನಾಯಿ, ಬೆಕ್ಕು ಎರಡನ್ನೂ ಸಾಕಿದ್ದೇವೆ. ನಾಯಿಯ ಹನಿ ಔಷಧದಲ್ಲಿ ಉಳಿದದ್ದನ್ನು ಬೆಕ್ಕಿಗೆ ಹಾಕಬಹುದೇ?

ಬೇಡ. ಪೊಟ್ಟಣದಲ್ಲಿ ಪರ್ಮೆಥ್ರಿನ್ ಎಂದಿದ್ದರೆ ಬೆಕ್ಕು ಸತ್ತೇ ಹೋಗಬಹುದು. ಅದನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಕೆಲವು ಗಂಟೆಗಳಲ್ಲಿ ಕಿವಿ, ಮೈ ಅದುರಲು ಶುರುವಾಗಿ ಫಿಟ್ಸ್‌ಗೆ ತಿರುಗುತ್ತದೆ. ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪಿನಿಂದ ತೊಳೆದು, ಒರೆಸಿ ಬೆಚ್ಚಗಿಟ್ಟು ತಕ್ಷಣ ವೈದ್ಯರಲ್ಲಿಗೆ ಒಯ್ಯಿರಿ. ಹಾಲು ಕುಡಿಸಿ ಕಾಯುತ್ತ ಕೂರಬೇಡಿ. ಪರ್ಮೆಥ್ರಿನ್ ಹಾಕಿದ ನಾಯಿಯನ್ನು ಅಪ್ಪಿಕೊಂಡು ಮಲಗುವ ಬೆಕ್ಕಿಗೂ ಅದೇ ಅಪಾಯ. ಮೂರು ದಿನ ಬೇರೆ ಬೇರೆ ಇಡಿ. ಬೆಕ್ಕಿಗೆ ಸೆಲಮೆಕ್ಟಿನ್ ಅಥವಾ ಫಿಪ್ರೊನಿಲ್‌ನ ಬೆಕ್ಕಿನ ಪೊಟ್ಟಣವೇ ಬೇರೆ ಸಿಗುತ್ತದೆ. ಸೆಲಮೆಕ್ಟಿನ್ ಚಿಗಟ, ಕಿವಿನುಸಿ, ದುಂಡುಹುಳು ಮೂರಕ್ಕೂ ಆಗುತ್ತದೆ, ಇಲಿ ಹಿಡಿಯುವ ಬೆಕ್ಕಿಗೆ ಒಳ್ಳೆಯ ಆಯ್ಕೆ. ಮನೆಯಲ್ಲಿ ಮೊಲವಿದ್ದರೆ ಫಿಪ್ರೊನಿಲ್ ಅದರ ಹತ್ತಿರವೂ ಸುಳಿಯಬಾರದು.

ಹನಿ ಔಷಧ ಹಾಕುವಾಗ ಕೂದಲು ಬಿಡಿಸಿ, ಕತ್ತಿನ ಹಿಂದೆ, ನೆಕ್ಕಲು ಸಿಗದ ಕಡೆ, ಚರ್ಮಕ್ಕೇ ತಾಗುವಂತೆ ಹಿಂಡಬೇಕು. ಫಿಪ್ರೊನಿಲ್‌ಗೆ ಹಿಂದೆ ಎರಡು ದಿನ, ಮುಂದೆ ಎರಡು ದಿನ ಸ್ನಾನವಿಲ್ಲ. ಜುಲೈಯಲ್ಲಿ ನಮ್ಮ ನಾಯಿಗಳ ಮೈ ಎರಡು ದಿನ ಒಣಗಿರುವುದೇ ಅಪರೂಪ. ಆದ್ದರಿಂದ ಹೊರಗೆ ಅಲೆಯುವ ನಾಯಿಗೆ ಕೊಡಗಿನ ಮಳೆಗಾಲದಲ್ಲಿ ಹನಿಗಿಂತ ಬಾಯಿಯ ಮಾತ್ರೆಯೇ ವಾಸಿ ಎನ್ನುವುದು ನಮ್ಮ ಅಭಿಪ್ರಾಯ.

ನಾಯಿಯ ಬಾಲದ ಬುಡದಲ್ಲಿ ಅಕ್ಕಿಕಾಳಿನಂಥ ಬಿಳಿ ತುಣುಕುಗಳು. ಹುಳುವಿನ ಮಾತ್ರೆ ಕೊಟ್ಟರೆ ಹೋಗುತ್ತವೆ, ಒಂದು ತಿಂಗಳಿಗೆ ಮತ್ತೆ ಬರುತ್ತವೆ. (ನಾಪೋಕ್ಲು)

ಅದು ಡಿಪಿಲಿಡಿಯಂ ಎಂಬ ಲಾಡಿಹುಳುವಿನ ತುಂಡುಗಳು. ಹುಳು ಬಂದದ್ದು ಚಿಗಟದಿಂದ. ಚಿಗಟದ ಮರಿ ಹುಳುವಿನ ಮೊಟ್ಟೆಯನ್ನು ತಿಂದು ಬೆಳೆಯುತ್ತದೆ. ನಾಯಿ ಮೈ ಕಚ್ಚಿಕೊಳ್ಳುವಾಗ ಆ ಚಿಗಟವನ್ನು ನುಂಗುತ್ತದೆ. ಮೂರು ವಾರದಲ್ಲಿ ಹೊಸ ಲಾಡಿಹುಳು ತುಂಡು ಉದುರಿಸಲು ಶುರುಮಾಡುತ್ತದೆ. ಪ್ರಾಜಿಕ್ವಾಂಟೆಲ್ ಕೆ.ಜಿ.ಗೆ 5 ಮಿ.ಗ್ರಾಂನಂತೆ ಕೊಟ್ಟಾಗ ಇರುವ ಹುಳು ಸಾಯುವುದು ನಿಜ. ಆದರೆ ಆ ಔಷಧ ಮರುದಿನಕ್ಕೇ ದೇಹದಲ್ಲಿ ಉಳಿಯುವುದಿಲ್ಲ. ಚಿಗಟ ನಿಲ್ಲದೆ ಇದು ನಿಲ್ಲದು.

ಚಿಗಟದ ಸಂಸಾರದಲ್ಲಿ ನಾಯಿಯ ಮೈಮೇಲೆ ಇರುವುದು ನೂರಕ್ಕೆ ಐದು ಪಾಲು. ಉಳಿದದ್ದು ಮೊಟ್ಟೆ, ಮರಿ, ಗೂಡಾಗಿ ನೆಲದ ಸಂದಿಯಲ್ಲಿ, ಚಾಪೆಯಡಿಯಲ್ಲಿ. ಚಿಗಟದ ಮರಿ ಸುತ್ತಿಕೊಂಡ ಆ ಗೂಡಿಗೆ ಯಾವ ಸ್ಪ್ರೇಯೂ ಇಳಿಯುವುದಿಲ್ಲ, ತಿಂಗಳುಗಟ್ಟಲೆ ಹಾಗೇ ಇದ್ದು, ಹೆಜ್ಜೆಯ ಅದುರಿಗೆ ಒಡೆದು ಹೊರಬರುತ್ತದೆ. ಬೀಗ ಹಾಕಿದ್ದ ಮನೆಗೆ ತಿಂಗಳ ನಂತರ ಹೋದಾಗ ಕಾಲಿಗೆ ಮುತ್ತುವುದು ಇದೇ ಕಾರಣಕ್ಕೆ. ಕನಿಷ್ಠ ಮೂರು ತಿಂಗಳು ಬಿಡದೆ, ಮನೆಯ ಎಲ್ಲ ನಾಯಿ, ಬೆಕ್ಕಿಗೂ ಚಿಗಟದ ಔಷಧ ಕೊಟ್ಟು, ನಂತರವೂ ಮುಂದುವರಿಸಿ.

ಪೊನ್ನಂಪೇಟೆಯಲ್ಲಿ ನಮ್ಮ ನಾಯಿ ಆರು ಮರಿ ಹಾಕಿದೆ. ಮರಿಗಳ ಹೊಟ್ಟೆ ಡೊಳ್ಳಾಗಿದೆ. ಹುಳುವಿನ ಔಷಧ ಎರಡು ತಿಂಗಳ ಮೇಲೆ ಎನ್ನುತ್ತಾರೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ.

ಎರಡು ತಿಂಗಳಲ್ಲ, ಎರಡು ವಾರಕ್ಕೆ ಶುರುಮಾಡಬೇಕು. ದುಂಡುಹುಳುವಿನ ಮರಿಗಳು ತಾಯಿಯ ಮಾಂಸಖಂಡದಲ್ಲಿ ನಿದ್ದೆ ಹೋಗಿದ್ದು, ಗರ್ಭದ ಕೊನೆಯ ವಾರಗಳಲ್ಲಿ ಎದ್ದು ಹೊಟ್ಟೆಯೊಳಗಿನ ನಾಯಿಮರಿಗೇ ದಾಟುತ್ತವೆ. ಕೊಕ್ಕೆಹುಳು ಹಾಲಿನಲ್ಲಿ ಬರುತ್ತದೆ. ಅಂದರೆ ಮರಿ ನೆಲಕ್ಕೆ ಕಾಲಿಡುವ ಮೊದಲೇ ಹುಳು ಒಳಗಿದೆ. ಕೊಕ್ಕೆಹುಳು ಹೆಚ್ಚಿದ ಮರಿ ಮೂರನೇ ವಾರದಲ್ಲೇ ರಕ್ತವಿಲ್ಲದೆ ಬಿಳುಚಿ ಸಾಯಬಹುದು. ವಸಡು ಬಿಳಿಯಾಗಿ, ಮಲ ಕಪ್ಪಾಗಿ ಅಂಟಂಟಾಗಿದ್ದರೆ ಅಂದೇ ತೋರಿಸಿ.

2, 4, 6, 8 ವಾರಕ್ಕೆ ಪೈರಾಂಟೆಲ್ ದ್ರಾವಣ, ಪ್ರತಿ ಸಲವೂ ಹೊಸದಾಗಿ ತೂಗಿ. ಎರಡು ವಾರದಲ್ಲಿ ಮರಿಯ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುವುದರಿಂದ ಹಳೆ ಅಳತೆ ಸಾಲದು. ಅಡುಗೆಮನೆಯ ತಕ್ಕಡಿ ಆಗುತ್ತದೆ. ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆರು ತಿಂಗಳಾದ ಮೇಲೆ ವರ್ಷಕ್ಕೆ ನಾಲ್ಕು ಸಲಕ್ಕೆ ಕಡಿಮೆಯಿಲ್ಲದಂತೆ. ಬೆಳೆದ ನಾಯಿಗೆ ಸಿಗುವ ಸಾಮಾನ್ಯ ಮಾತ್ರೆಯಲ್ಲಿ ಪ್ರಾಜಿಕ್ವಾಂಟೆಲ್ 50, ಪೈರಾಂಟೆಲ್ 144, ಫೆಬಾಂಟೆಲ್ 150 ಮಿ.ಗ್ರಾಂ ಇದ್ದು, 10 ಕೆ.ಜಿ.ಗೆ ಒಂದರ ಲೆಕ್ಕ. ತಾಯಿಗೂ ಮರಿಗಳ ಜತೆ ಅದೇ ದಿನ ಕೊಡಿ. ಮುಂದಿನ ಸಲ ಗಬ್ಬವಾದರೆ 40ನೇ ದಿನದಿಂದ ಹೆರಿಗೆಯ ನಂತರ 14ನೇ ದಿನದವರೆಗೆ ದಿನವೂ ಫೆನ್‌ಬೆಂಡಜೋಲ್ ಕೊಡುವ ಕ್ರಮವಿದೆ, ವೈದ್ಯರನ್ನು ಕೇಳಿ. ಮರಿಗಳಿಗೆ ಚಿಗಟವಿದ್ದರೆ ಉಣ್ಣಿ ಮಾತ್ರೆ ಕೊಡುವಂತಿಲ್ಲ. ಅವಕ್ಕೆ ಎಂಟು ವಾರ ವಯಸ್ಸು, 2 ಕೆ.ಜಿ. ತೂಕ ಬೇಕು. ಶೇ. 0.25ರ ಫಿಪ್ರೊನಿಲ್ ಸ್ಪ್ರೇಯನ್ನು ಎಳೆ ಮರಿಗಳಿಗೂ ಬಳಸಬಹುದು. ಬಟ್ಟೆಗೆ ಹೊಡೆದು ಒರೆಸಿ, ಒಣಗಿದ ಮೇಲೆ ತಾಯಿಯ ಬಳಿ ಬಿಡಿ, ಚಳಿ ಹಿಡಿಯದಂತೆ ನೋಡಿ.

ಮಕ್ಕಳ ವಿಷಯ. ಕೊಕ್ಕೆಹುಳುವಿನ ಮರಿಗೆ ಬೇಕಾದ್ದು ನೆರಳು, ತೇವ, ಸಡಿಲ ಮಣ್ಣು. ಕಾಫಿ ತೋಟದ ನೆಲ ಅಂದರೆ ಇಷ್ಟೇ. ಬೆಚ್ಚನೆಯ ದಿನಗಳಲ್ಲಿ ಮಲ ಬಿದ್ದು ಒಂದು ವಾರದೊಳಗೆ ಮರಿಗಳು ಸಿದ್ಧವಾಗಿ, ಬರಿಗಾಲಿನ ಚರ್ಮ ಕೊರೆದು, ಹಾವಿನಂತೆ ಹರಿದಾಡುವ ಕೆಂಪು ತುರಿಕೆ ಗೆರೆ ಎಬ್ಬಿಸುತ್ತವೆ. ದುಂಡುಹುಳುವಿನ ಮೊಟ್ಟೆ ರೋಗ ತರುವ ಹಂತಕ್ಕೆ ಬರಲು ಎರಡರಿಂದ ನಾಲ್ಕು ವಾರ ಬೇಕು, ಬಂದ ಮೇಲೆ ವರ್ಷಗಟ್ಟಲೆ ಮಣ್ಣಲ್ಲಿ ಇರುತ್ತದೆ. ಮಗುವಿನ ಬಾಯಿಗೆ ಹೋದರೆ ಕಣ್ಣಿಗೂ ತೊಂದರೆ ಮಾಡಬಲ್ಲದು. ಅಂಗಳದ ಮಲವನ್ನು ದಿನವೂ ತೆಗೆದು ಆಳವಾಗಿ ಹೂತರೆ ಎರಡರ ದಾರಿಯೂ ಮುಚ್ಚಿತು. ತರಕಾರಿ ಮಡಿಗೆ ಹಾಕುವ ಗೊಬ್ಬರದ ಗುಂಡಿಗೆ ಮಾತ್ರ ಎಸೆಯಬೇಡಿ.

ಭಾಗಮಂಡಲ ಕಡೆ ನಮ್ಮ ಊರು. ನಾಯಿಯ ಒಂದೇ ಮೂಗಿನ ಹೊಳ್ಳೆಯಿಂದ ಒಂದು ವಾರದಿಂದ ರಕ್ತ ಹನಿಯುತ್ತಿದೆ, ಸೀನುತ್ತದೆ. ಇಂಬಳ (ಜಿಗಣೆ) ಇರಬಹುದೇ? ಅದಕ್ಕೂ ತಿಂಗಳ ಮಾತ್ರೆ ಇದೆಯೇ?

ಇಂಬಳಕ್ಕೆ ಮಾತ್ರೆ ಇಲ್ಲ. ತೊರೆ, ಕೆರೆಯ ನೀರು ಕುಡಿಯುವಾಗ ಎಳೆ ಜಿಗಣೆ ಮೂಗಿಗೆ ನುಗ್ಗಿ ವಾರಗಟ್ಟಲೆ ಒಳಗೇ ಬೆಳೆಯುತ್ತದೆ. ನಾಯಿಗೆ ಅರ್ಧ ದಿನ ನೀರು ಕೊಡದೆ, ಆಮೇಲೆ ಅಗಲ ಪಾತ್ರೆಯಲ್ಲಿ ತಣ್ಣೀರು ಹಿಡಿದರೆ ಜಿಗಣೆ ಹೊಳ್ಳೆಯಿಂದ ತಲೆ ಹೊರಹಾಕಬಹುದು. ಆಗ ಒರಟು ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ, ಒಂದೇ ಸಮನೆ ಎಳೆಯಿರಿ; ಸೆಳೆದರೆ ತುಂಡಾಗುತ್ತದೆ. ಉಪ್ಪು, ಸುಣ್ಣ, ಹೊಗೆಸೊಪ್ಪನ್ನು ಕಾಲಿಗೆ ಹತ್ತಿದ ಇಂಬಳಕ್ಕೆ ಮುಟ್ಟಿಸಬಹುದು, ಮೂಗಿನೊಳಗೆ ಹಾಕಿದರೆ ಪೊರೆಯೇ ಸುಡುತ್ತದೆ. ಒಂದೆರಡು ಪ್ರಯತ್ನಕ್ಕೆ ಸಿಗದಿದ್ದರೆ ವೈದ್ಯರು ಮಂಪರು ಕೊಟ್ಟು ಚಿಮಟದಿಂದ ತೆಗೆಯುತ್ತಾರೆ. ಜಿಗಣೆ ಕಾಣದೆ ಎರಡೂ ಹೊಳ್ಳೆಯಿಂದ ರಕ್ತ ಬರುತ್ತಿದ್ದರೆ ಮೇಲೆ ಹೇಳಿದ ಎರ್ಲಿಕಿಯಾವನ್ನು ಮೊದಲು ನೋಡಬೇಕು. ಎರಡನ್ನೂ ಒಂದೇ ಎಂದುಕೊಂಡು ದಿನ ಕಳೆಯುವುದು ಇಲ್ಲಿ ಆಗಾಗ ಆಗುವ ತಪ್ಪು.

ಬೇವಿನೆಣ್ಣೆ, ಬೆಳ್ಳುಳ್ಳಿ ಸಾಕಾಗುವುದಿಲ್ಲವೇ? (ಸುಂಟಿಕೊಪ್ಪ)

ಬೇವು ಒಂದೆರಡು ದಿನ ಸ್ವಲ್ಪ ದೂರವಿಡಬಹುದು, ಹತ್ತಿದ ಉಣ್ಣಿಯನ್ನು ಕೊಲ್ಲಲು ಅದನ್ನು ನಂಬುವಂತಿಲ್ಲ. ಬೆಳ್ಳುಳ್ಳಿ ಬೇಡವೇ ಬೇಡ, ನಾಯಿ ಬೆಕ್ಕುಗಳ ಕೆಂಪು ರಕ್ತಕಣವನ್ನೇ ಒಡೆಯುತ್ತದೆ. ಸೀಮೆಎಣ್ಣೆ ಹಚ್ಚುವುದು, ಊದುಬತ್ತಿಯಿಂದ ಸುಡುವುದೂ ಬೇಡ. ಸಣ್ಣ ಚಿಮಟದಿಂದ ಚರ್ಮಕ್ಕೆ ಅಂಟಿದ ಬಾಯಿಯ ಹತ್ತಿರವೇ ಹಿಡಿದು ನೇರ ಎಳೆದು, ಸೋಪು ನೀರಿಗೆ ಹಾಕಿ. ಉಗುರಲ್ಲಿ ಕುಕ್ಕಬೇಡಿ.

ಹಂದಿ ಕೊಯ್ದಾಗ ಯಕೃತ್ತು, ಶ್ವಾಸಕೋಶವನ್ನು ನಾಯಿಗಳಿಗೆ ಹಸಿಯಾಗಿ ಹಾಕುವುದು ರೂಢಿ. (ಶ್ರೀಮಂಗಲ)

ಬೇಯಿಸಿ ಹಾಕಿ. ಹಂದಿ, ಕುರಿ, ದನದ ಯಕೃತ್ತು, ಶ್ವಾಸಕೋಶದಲ್ಲಿ ನೀರುಗುಳ್ಳೆ ಇದ್ದರೆ ಅದು ಎಕಿನೊಕಾಕಸ್ ಎಂಬ ಲಾಡಿಹುಳುವಿನ ಮರಿಗಳ ಚೀಲ. ನಾಯಿಯ ಕರುಳಲ್ಲಿ ಅವು ಕೆಲವೇ ಮಿಲಿಮೀಟರಿನ ಲಾಡಿಹುಳುಗಳಾಗುತ್ತವೆ, ನಾಯಿಗೆ ಏನೂ ಆಗುವುದಿಲ್ಲ, ಆದರೆ ಮಲದ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ಯಕೃತ್ತಿನಲ್ಲಿ ಅದೇ ಗುಳ್ಳೆ ವರ್ಷಗಟ್ಟಲೆ ಬೆಳೆಯುತ್ತದೆ. ಹಸಿ ಒಳಾಂಗ ತಿನ್ನುವ ನಾಯಿಗೆ ಮೂರು ತಿಂಗಳ ಲೆಕ್ಕ ಸಾಲದು, ಆರು ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಬೇಕು.

ಕುಶಾಲನಗರದಲ್ಲಿದ್ದೇವೆ. ಹೃದಯಹುಳುವಿನ ಔಷಧ ನಮ್ಮ ಕಡೆ ಬೇಕೇ? ಉಣ್ಣಿ ಮಾತ್ರೆಯಲ್ಲೇ ಅದು ಸೇರಿರುತ್ತದೆಯೇ? ನಡುವೆ ಎರಡು ತಿಂಗಳು ಮರೆತಿದ್ದೇವೆ. ನಮ್ಮ ಲ್ಯಾಬ್ರಡಾರ್‌ಗೆ ಹಿಂದೊಮ್ಮೆ ಫಿಟ್ಸ್ ಬಂದಿತ್ತು.

ನಾಲ್ಕು ಪ್ರಶ್ನೆ ಒಟ್ಟಿಗೆ ಕೇಳಿದ್ದೀರಿ. ದಕ್ಷಿಣದಲ್ಲಿ ನಾಯಿಗಳ ರಕ್ತದಲ್ಲಿ ಹೆಚ್ಚಾಗಿ ಸಿಗುವುದು ಚರ್ಮದಡಿಯಲ್ಲಿ ಬದುಕುವ ಡೈರೋಫೈಲೇರಿಯಾ ರೆಪೆನ್ಸ್; ಹೃದಯ, ಶ್ವಾಸಕೋಶದ ರಕ್ತನಾಳದಲ್ಲಿ ಬೆಳೆಯುವ ಡೈರೋಫೈಲೇರಿಯಾ ಇಮ್ಮಿಟಿಸ್ ಅದಕ್ಕಿಂತ ಅಪರೂಪ. ಎರಡನ್ನೂ ತರುವುದು ಸೊಳ್ಳೆ, ರೆಪೆನ್ಸ್ ಮನುಷ್ಯರ ಕಣ್ಣಿನಲ್ಲೂ ಸಿಗುತ್ತದೆ. ಸೊಳ್ಳೆ ವರ್ಷವಿಡೀ ಇರುವ ಊರಲ್ಲಿ, ಅದರಲ್ಲೂ ಹೊರಗೆ ಮಲಗುವ ನಾಯಿಗೆ, ಕೊಡುವುದೇ ಒಳ್ಳೆಯದು.

ಉಣ್ಣಿ ಮಾತ್ರೆ ಬರೀ ಅಫಾಕ್ಸೊಲೇನರ್ ಅಥವಾ ಫ್ಲೂರಾಲೇನರ್ ಆಗಿದ್ದರೆ ಯಾವ ಹುಳುವನ್ನೂ ತಡೆಯದು. ಹೃದಯಹುಳುವಿಗೆ ಐವರ್‌ಮೆಕ್ಟಿನ್, ಮಿಲ್ಬೆಮೈಸಿನ್, ಸೆಲಮೆಕ್ಟಿನ್, ಮಾಕ್ಸಿಡೆಕ್ಟಿನ್ ಇವುಗಳಲ್ಲಿ ಒಂದು ಇರಬೇಕು. ಡಬ್ಬಿಯ ಹಿಂಬದಿ ಓದಿ. ಈ ಔಷಧಗಳು ಮುಂದಿನ ತಿಂಗಳನ್ನು ಕಾಯುವುದಿಲ್ಲ, ಕಳೆದ ತಿಂಗಳಲ್ಲಿ ಸೊಳ್ಳೆ ಬಿಟ್ಟುಹೋದ ಮರಿಗಳನ್ನು ಕೊಲ್ಲುತ್ತವೆ. ಮರಿ ದೊಡ್ಡದಾಗಿಬಿಟ್ಟರೆ ಆ ಪ್ರಮಾಣಕ್ಕೆ ಬಗ್ಗುವುದಿಲ್ಲ. ಅದಕ್ಕೇ ತಿಂಗಳು ತಪ್ಪಬಾರದು ಎನ್ನುವುದು.

ಈಗ ಎರಡು ತಿಂಗಳು ತಪ್ಪಿದೆ. ವೈದ್ಯರಲ್ಲಿ ರಕ್ತ ತೋರಿಸಿ, ಅವರು ಹೇಳಿದಂತೆ ಔಷಧ ಕೂಡಲೇ ಶುರುಮಾಡಿ, ಆರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಇವತ್ತಿನ ಆಂಟಿಜೆನ್ ಪರೀಕ್ಷೆ ಹುಳು ಇಲ್ಲ ಎಂದರೂ ನೆಮ್ಮದಿಯಾಗುವಂತಿಲ್ಲ. ಅದು ಹಿಡಿಯುವುದು ಬಲಿತ ಹೆಣ್ಣುಹುಳುವನ್ನು, ಬಲಿಯಲು ಆರೇಳು ತಿಂಗಳು ಬೇಕು. ರಕ್ತದಲ್ಲಿ ಮರಿಹುಳುಗಳು ತುಂಬಿರುವಾಗ ಪರೀಕ್ಷೆಯಿಲ್ಲದೆ ಔಷಧ ಕೊಟ್ಟರೆ ಅವು ಒಮ್ಮೆಲೇ ಸತ್ತು ನಾಯಿ ಕುಸಿದುಬೀಳುವುದೂ ಉಂಟು.

ಫಿಟ್ಸ್ ಬಂದ ನಾಯಿಗೆ ಅಫಾಕ್ಸೊಲೇನರ್, ಸಾರೊಲೇನರ್, ಫ್ಲೂರಾಲೇನರ್ ಗುಂಪಿನ ಔಷಧವನ್ನು ಅಂಗಡಿಯಿಂದ ನೇರವಾಗಿ ತಂದು ಕೊಡಬೇಡಿ. ಬಹುಪಾಲು ನಾಯಿಗಳಿಗೆ ಇವು ಸುರಕ್ಷಿತ, ಆದರೆ ನಡುಕ, ಫಿಟ್ಸ್ ತರಬಹುದೆಂಬ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಕೊಟ್ಟಿದೆ. ನಿಮ್ಮ ನಾಯಿಗೆ ಫಿಪ್ರೊನಿಲ್ ಹನಿಯೋ, ಫ್ಲುಮೆಥ್ರಿನ್ ಇರುವ ಕೊರಳಪಟ್ಟಿಯೋ ಹೊಂದಬಹುದು. ಪಟ್ಟಿಯಡಿ ಎರಡು ಬೆರಳು ತೂರುವಷ್ಟು ಸಡಿಲವಿರಲಿ, ಉಳಿದ ತುದಿ ಕತ್ತರಿಸಿಬಿಡಿ, ಹೊಳೆಗೆ ಇಳಿಸುವ ಮುಂಚೆ ಬಿಚ್ಚಿಡಿ. ಬೆಕ್ಕಿದ್ದರೆ ಪಟ್ಟಿ ಕೊಳ್ಳುವಾಗ ಅಂಗಡಿಯವರಿಗಲ್ಲ, ವೈದ್ಯರಿಗೆ ಹೇಳಿ. ಫಿಟ್ಸ್ ಎಂದು ಬಂತು, ಎಷ್ಟು ಹೊತ್ತು ಇತ್ತು, ಆಗ ಯಾವ ಔಷಧ ಕೊಟ್ಟಿದ್ದಿರಿ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.